ರೆಹೆಮಾ ಉಂಡ ಎಳ್ಳಮಾಸಿ ಊಟ

ಕಳೆದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಕಮಲಾಪುರಕ್ಕೆ ಹಾಕಿದರು. ಬೇರೆ ಎಲ್ಲಿಗಾದರೂ ಹಾಕಿ ಎಂದು ಕೇಳಬಹುದಿತ್ತು, ಆದರೆ ಕಾರಣ ಏನೆಂದು ಹೇಳಲಿ? ಬಸ್ಸಿಳಿದು ರಸ್ತೆ ದಾಟಿದರೆ ಕೆಂಪು ಬಾಳೆಹಣ್ಣಿನ ಅಂಗಡಿಗಳು. ಗೊನೆಗಳಿಗೆ ಹುಲ್ಲು ಹೊದಿಸಿ ಹೊಗೆ ಕೊಟ್ಟು ಹಣ್ಣು ಮಾಡುವ ಖೋಲಿಯೊಂದರ ಬಾಗಿಲು ತೆರೆದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತೆ. "ತಗೋರಿ ಮೇಡಂ, ಹಿಂಥಾ ಹಣ್ಣು ಕಲಬುರಗ್ಯಾಗ ಸಿಗಂಗಿಲ್ಲ" ಎಂದು ಅಂಗಡಿಯವ ಒಂದನ್ನು ಸುಲಿದು ಕೈಗೇ ಕೊಟ್ಟ. ಬಾಯಿಗಿಡಲು ಆಗಲಿಲ್ಲ. ಅವನಿಗೆ ಬೇಜಾರಾಗಬಾರದೆಂದು ಒಂದು ಡಜನ್ ಕಟ್ಟಿಸಿಕೊಂಡು ಹೋಗಿ ಕಾಲೇಜಿನ ಜವಾನನಿಗೆ ಕೊಟ್ಟುಬಿಟ್ಟೆ.

ರೆಹೆಮಾ ನಮ್ಮ ಮನೆಯಲ್ಲಿದ್ದದ್ದು ಒಂದೇ ಸೆಮಿಸ್ಟರ್. ಅಷ್ಟರಲ್ಲೇ ನಮ್ಮವರು ಅವಳಿಂದ ಕಿತ್ತುಕೊಂಡದ್ದನ್ನು ಈಗ ಏನು ಕೊಟ್ಟರೂ ತುಂಬಿಸಲಾಗದು. ಕೇಡು ಬಯಸಿ ಮಾಡಿದ್ದರೆ ನಾಲ್ಕು ಮಾತು ಬೈದು ಮರೆಯಬಹುದಿತ್ತು. ಮಾಡಿದವರೆಲ್ಲ ಅವಳನ್ನು ಹಚ್ಚಿಕೊಂಡಿದ್ದವರೇ.

ಅವಳು ತಾಂಜಾನಿಯಾ ದೇಶದ ತಾಂಗಾ ಎಂಬ ಬಂದರು ಊರಿನವಳು. ವಿನಿಮಯ ಯೋಜನೆಯಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ನಮ್ಮ ಸಮಾಜಶಾಸ್ತ್ರದ ಎಂ.ಎ. ತರಗತಿಯಲ್ಲಿ ನನ್ನ ಪಕ್ಕವೇ ಕೂತಳು. ಆಗ ಆಷಾಢ. ಮೋಡ ಕವಿಯುತ್ತಿತ್ತು, ಗಾಳಿ ಬೀಸಿ ಧೂಳೆಬ್ಬಿಸುತ್ತಿತ್ತು, ಮಳೆ ಮಾತ್ರ ಬೀದರಿನ ಕಡೆ ಹೋಗಿ ಸುರಿಯುತ್ತಿತ್ತು. ಕೋಟನೂರಿನ ಹೊಸ ಬಡಾವಣೆಯಲ್ಲಿ ಅವಳಿಗೊಂದು ಖೋಲಿ ಗೊತ್ತುಮಾಡಿದ್ದರು. ಮನೆ ಮಾಲೀಕ ಅವಳ ಮುಖ ನೋಡಿದ್ದೇ ಖೋಲಿ ಖಾಲಿ ಇಲ್ಲ ಅಂದ. ಕೀಲಿಕೈ ಅವನ ಬೆರಳಿನಲ್ಲೇ ತಿರುಗುತ್ತಿತ್ತು. ರೆಹೆಮಾ ಅದನ್ನು ನೋಡಿದಳು, ಸೂಟ್‌ಕೇಸಿನ ಮೇಲೆ ಕೂತು ನೀರು ಕುಡಿದಳು. ನನಗೆ ನಮ್ಮ ಊರಿನ ಬಗ್ಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಉಣ್ಣುತ್ತಿದ್ದ ಕೈ ನಿಲ್ಲಿಸಿದರು. ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ದಿನಾ ಸಂಧ್ಯಾವಂದನೆ ಮಾಡುವವರು, ಹಣೆಯ ಮೇಲೆ ಅಂಗಾರ ಅಕ್ಷತೆ ಇಲ್ಲದೆ ಹೊರಗೆ ಕಾಲಿಡದವರು. "ಮ್ಯಾಲಿನ ಖೋಲಿ ಖಾಲಿ ಬಿದ್ದದ. ಕರಕೊಂಡು ಬಾ ಅಕಿನ್ನ" ಅಂದರು. ಅಜ್ಜಿ, ಅಂದರೆ ಅಪ್ಪನ ತಾಯಿ, ತತ್ತಿ ಮಾಂಸ ಮನೆಯೊಳಗೆ ಬರಬಾರದು ಎಂಬ ಒಂದು ಶರತ್ತು ಹಾಕಿ ಸುಮ್ಮನಾದಳು. ಊರಿನ ಹೆಸರು ಕೇಳಿ ಅವಳಿಗೆ ನಗು ಬಂದಿತ್ತು. ತನ್ನ ಕಾಲದ ಕುದುರೆ ಟಾಂಗಾ ನೆನಪಾಗಿ ರೆಹೆಮಾಳನ್ನು ಕೊನೆಯವರೆಗೂ ಟಾಂಗಾದಾಕಿ ಎಂದೇ ಕರೆದಳು.

ಊರು ತೋರಿಸುವ ಕೆಲಸ ನನಗೂ ಸುಜಾತಾಳಿಗೂ ಬಿತ್ತು. ಸುಜಾತಾ ನಮ್ಮ ತರಗತಿಯವಳೇ, ಕಮಲಾಪುರದವಳು, ಹಾಸ್ಟೆಲಿನಲ್ಲಿ ಇದ್ದಳು. ಶ್ರಾವಣದಿಂದ ದೀಪಾವಳಿಯವರೆಗೆ ನಾವು ಮೂವರು ಕಲಬುರಗಿಯ ಒಂದು ಗಲ್ಲಿ ಬಿಡದೆ ಸುತ್ತಿದೆವು. ಸೂಪರ್ ಮಾರ್ಕೆಟಿನಲ್ಲಿ ಜನ ನಿಂತು ನೋಡುತ್ತಿದ್ದರು. ಬಳೆ ಅಂಗಡಿಯ ಹೆಂಗಸರು ಅವಳ ಹೆಣೆದ ಕೂದಲು ಮುಟ್ಟಿ ನೋಡಲು ಕೇಳುತ್ತಿದ್ದರು. ಅವಳು ತಲೆ ಬಾಗಿಸಿ ಮುಟ್ಟಗೊಟ್ಟು, ಆಮೇಲೆ ತಾನೂ ಅವರ ಜಡೆ ಹಿಡಿದು ಎಳೆದು ನೋಡುತ್ತಿದ್ದಳು. ದುನಿಯಾ, ಕಿತಾಬು, ದುಕಾನು ಎಂಬ ಮಾತುಗಳು ಅವಳ ಭಾಷೆಯಲ್ಲೂ ಸ್ವಲ್ಪ ಆಚೀಚೆಯಾಗಿ ಇದ್ದವು. ಹಾಗಾಗಿ ಮಾರ್ಕೆಟಿನ ಉರ್ದು ಬೆರೆಸಿದ ಕನ್ನಡ ನನಗಿಂತ ಅವಳಿಗೇ ಬೇಗ ಬಾಯಿಗೆ ಬಂತು. ಕೆಟ್ಟದ್ದೂ ಇತ್ತು. ಬೈಕಿನ ಮೇಲೆ ಹೋಗುವ ಹುಡುಗರು ಅನ್ನುತ್ತಿದ್ದ ಒಂದು ಮಾತನ್ನು ಅವಳು ನನಗೆ ಅರ್ಥ ಕೇಳಿದಾಗ, ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದೆ. ನನ್ನ ಮುಖದಿಂದಲೇ ಅವಳಿಗೆ ಗೊತ್ತಾಗಿತ್ತು.

ಎಲ್ಲಿಗೆ ಹೋದರೂ ಅವಳ ಅಪ್ಪ ಜೊತೆಗಿರುತ್ತಿದ್ದರು. ಫೋನಿನಲ್ಲಿ. ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮನುಷ್ಯ, ಈಗ ಕಿಡ್ನಿ ಕೆಟ್ಟು ಹಾಸಿಗೆ ಹಿಡಿದಿದ್ದರು. ಹೆಂಡತಿ ಇಲ್ಲ, ಮಗ ಜುಮಾ ನೋಡಿಕೊಳ್ಳುತ್ತಿದ್ದ. ದಿನಾ ಸಂಜೆ ವಿಡಿಯೋ ಕರೆ ಬರುತ್ತಿತ್ತು, ರೆಹೆಮಾ ಫೋನನ್ನು ಎತ್ತಿ ಹಿಡಿದು ಅವರಿಗೆ ಊರು ತೋರಿಸುತ್ತಿದ್ದಳು. ಕೋಟೆಯೊಳಗಿನ ಉದ್ದದ ಫಿರಂಗಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದಾಗ ಅವರು, ಇಷ್ಟು ಉದ್ದದ್ದು ಮಾಡಿಸಿದವನು ಬಹಳ ಹೆದರಿದ್ದಿರಬೇಕು ಅಂದರಂತೆ. ಜಾಮಾ ಮಸೀದಿಯ ಕಮಾನುಗಳನ್ನು ಬಹಳ ಹೊತ್ತು ನೋಡಿದರು. ಒಮ್ಮೆ ನಮ್ಮ ಅಜ್ಜಿಗೂ ಸಲಾಂ ಮಾಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಎಷ್ಟು ಬಡಕಲಾಗ್ಯಾನಲ್ಲ. ಉಣ್ಣಾಕ ಯಾರರೆ ಹಾಕ್ತಾರ ಇಲ್ಲ?" ಎಂದು ನನ್ನನ್ನು ಕೇಳಿದಳು.

ಒಂದು ರಾತ್ರಿ ಊಟಕ್ಕೆ ಕೂತಾಗ ರೆಹೆಮಾ ತನ್ನ ತಾಯಿಯ ಸುದ್ದಿ ಹೇಳಿದಳು. ತಾಯಿ ತೀರಿಕೊಂಡಾಗ ಅವಳು ದೂರದ ವಸತಿ ಶಾಲೆಯಲ್ಲಿದ್ದಳು. ಪರೀಕ್ಷೆ ಕೆಡುತ್ತದೆಂದು ಯಾರೂ ಹೇಳಲಿಲ್ಲ. ಪರೀಕ್ಷೆ ಮುಗಿಸಿ ಕುಣಿಯುತ್ತಾ ಊರಿಗೆ ಹೋದರೆ ಗೋರಿಯ ಮಣ್ಣು ಒಣಗಿತ್ತು. ಈ ಸಲ ಹೊರಡುವ ಮೊದಲು ಅಪ್ಪನಿಂದಲೂ ಅಣ್ಣನಿಂದಲೂ ಮಾತು ತೆಗೆದುಕೊಂಡಿದ್ದಳು. ಏನೇ ಆಗಲಿ ಆ ಗಳಿಗೆಯಲ್ಲೇ ಹೇಳಬೇಕು. ಬರಲಾಗದಿದ್ದರೂ ಫೋನಿನಲ್ಲಾದರೂ ಮುಖ ನೋಡಬೇಕು. ನಮ್ಮಪ್ಪ ಇದನ್ನೆಲ್ಲ ಕೇಳಿದರು, ತಲೆಯಾಡಿಸಿದರು. ಅವಳು ಮೇಲೆ ಹೋದ ಮೇಲೆ ಅವ್ವನಿಗೆ, "ಎಲ್ಲಾರೂ ಹಂಗ ಹೇಳ್ತಾರ. ಹೊತ್ತು ಬಂದಾಗ ತಡಕೊಳ್ಳೋದು ಬ್ಯಾರೆ ಮಾತು" ಅಂದರು.

ಸಾವಿನ ಸುದ್ದಿ ಹೇಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ರೀತಿ ಇದೆ. ಸುದ್ದಿ ಕಿವಿಗೆ ಬಿದ್ದ ಹೊತ್ತಿನಿಂದ ಸೂತಕ. ಬಿದ್ದ ಮೇಲೆ ತುತ್ತು ಎತ್ತುವ ಹಾಗಿಲ್ಲ, ಸ್ನಾನ ಮಾಡಬೇಕು, ಹೆಣ ಸುಡುವವರೆಗೆ ಒಲೆ ಹೊತ್ತಿಸಬಾರದು. ಹಾಗಾಗಿ ಎಲೆ ಹಾಕಿದ ಮೇಲೆ ಸುದ್ದಿ ಬಂದರೆ ಹಿರಿಯರು ಅದನ್ನು ನುಂಗಿಕೊಂಡು ಕೂರುತ್ತಾರೆ, ಮಕ್ಕಳು ಮರಿ ಉಂಡು ಎದ್ದ ಮೇಲೆ ಹೇಳುತ್ತಾರೆ. ನನ್ನ ಅಣ್ಣನ ಮುಂಜಿಯಲ್ಲಿ ಪುಣೆಯ ಕಾಕಾ ಹೋದ ಸುದ್ದಿಯನ್ನು ಅಪ್ಪ ಇಡೀ ಪಂಕ್ತಿ ಏಳುವವರೆಗೆ ಇಟ್ಟುಕೊಂಡು, ನಗುನಗುತ್ತಲೇ ತುಪ್ಪ ಬಡಿಸಿದ್ದರು. ಇದನ್ನು ಎಲ್ಲರೂ ಹೊಗಳಿದರು. ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಗುರುತು ಹಿಡಿಯುವುದು ತಾನಾಗಿಯೇ ಬರುತ್ತದೆ. ಹಿರಿಯರ ದನಿ ಇದ್ದಕ್ಕಿದ್ದಂತೆ ಮೆತ್ತಗಾದರೆ, ಬೇಡವೆಂದರೂ ಒಂದು ಚಮಚ ಹೆಚ್ಚು ತುಪ್ಪ ಬಿದ್ದರೆ, ಎಲ್ಲೋ ಯಾರೋ ಹೋಗಿದ್ದಾರೆಂದು ಅರ್ಥ. ಗೊತ್ತಾದರೂ ಗೊತ್ತಾಗದವರಂತೆ ಉಣ್ಣಬೇಕು, ಅದೂ ರೀತಿಯೇ.

ದೀಪಾವಳಿ ಮುಗಿದದ್ದೇ ಅಜ್ಜಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಕರೆತಂದಾಗ ಡಾಕ್ಟರು ಅಪ್ಪನನ್ನು ಬದಿಗೆ ಕರೆದು, ವಯಸ್ಸಾಗಿದೆ, ಯಾವಾಗ ಏನೆಂದು ಹೇಳಲಾಗದು ಎಂದಿದ್ದರು. ನನಗೆ ಅಜ್ಜಿಯೆಂದರೆ ಜೀವ. ಬೆಳಿಗ್ಗೆ ಎದ್ದ ಕೂಡಲೇ ಅವಳ ಉಸಿರು ನೋಡುವುದು ರೂಢಿಯಾಯಿತು. ಅಲ್ಲಿ ರೆಹೆಮಾಳ ಅಪ್ಪನೂ ಸೊರಗುತ್ತಿದ್ದರು. ಕರೆಗಳು ಗಿಡ್ಡವಾದವು. ನಾವಿಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಕೂತು, ಅವಳು ಅಪ್ಪನದ್ದು, ನಾನು ಅಜ್ಜಿಯದ್ದು ಹೇಳಿಕೊಳ್ಳುತ್ತಿದ್ದೆವು.

ಎಳ್ಳ ಅಮಾವಾಸ್ಯೆಯನ್ನು ನಮ್ಮ ಕಡೆ ಎಳ್ಳಮಾಸಿ ಅನ್ನುತ್ತಾರೆ. ಅಂದು ಊರೆಲ್ಲ ಹೊಲಕ್ಕೆ ಹೋಗಿ ಉಣ್ಣುತ್ತದೆ. ಸುಜಾತಾ ಇಬ್ಬರನ್ನೂ ಕಮಲಾಪುರಕ್ಕೆ ಕರೆದಳು. ನನಗೆ ಅಜ್ಜಿಯನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಅಪ್ಪನೇ, "ಹೋಗಿ ಬರ್ರಿ. ಆ ಹುಡುಗಿ ಮಾರಿ ನೋಡು, ಹ್ಯಾಂಗ ಬಾಡ್ಯದ" ಎಂದು ಹುಮನಾಬಾದ್ ಬಸ್ಸಿಗೆ ಹತ್ತಿಸಿದರು. ಕಿಟಕಿಯಿಂದ ಥಂಡಿ ಗಾಳಿ, ಎರಡೂ ಕಡೆ ತೊಗರಿ ಹೊಲ. ರೆಹೆಮಾ ಅಪ್ಪನಿಗೆ ತೋರಿಸಲೆಂದು ದಾರಿಯುದ್ದಕ್ಕೂ ವಿಡಿಯೋ ಮಾಡಿದಳು.

ಸುಜಾತಾಳ ಅಪ್ಪ ಭೀಮಶಾ ಕಾಕಾ ಪ್ರಾಥಮಿಕ ಶಾಲೆಯ ಮಾಸ್ತರರು, ಜೊತೆಗೆ ಒಂದಿಷ್ಟು ಕೆಂಪು ಬಾಳೆ ಹಾಕಿದ್ದರು. ಅವರದು ಬುದ್ಧನನ್ನು ನಂಬಿದ ಮನೆ. "ನಾವು ಪೂಜಿ ಗೀಜಿ ಬಿಟ್ಟೀವಿ. ಹೊಲದಾಗ ಉಣ್ಣೋದು ಮಾತ್ರ ಬಿಡಾಕ ಆಗಿಲ್ಲ ನೋಡ್ರಿ" ಎಂದು ನಕ್ಕರು. ರೆಹೆಮಾ ಬಾಳೆಯ ಸಾಲಿನಲ್ಲಿ ಹೊಕ್ಕವಳು ಹೊರಗೇ ಬರಲಿಲ್ಲ. ಅವಳ ಊರಿನಲ್ಲೂ ಬಾಳೆಯೇ ಬಾಳೆ, ಬೇಯಿಸಿ ಊಟಕ್ಕೇ ಹಾಕಿಕೊಳ್ಳುತ್ತಾರಂತೆ. ಬಹಳ ದಿನದ ಮೇಲೆ ಅವಳು ನಗುವುದನ್ನು ನೋಡಿದೆ. ಅಪ್ಪನಿಗೆ ತೋರಿಸೋಣವೆಂದರೆ ಹೊಲದಲ್ಲಿ ರೇಂಜ್ ಇಲ್ಲ, ಬ್ಯಾಟರಿಯೂ ಮುಗಿಯುತ್ತಾ ಬಂದಿತ್ತು. ಸುಜಾತಾಳ ಅವ್ವ ಚಂದಮ್ಮ ಫೋನು ಇಸಿದುಕೊಂಡು ಮೋಟರಿನ ಖೋಲಿಯಲ್ಲಿ ಚಾರ್ಜಿಗೆ ಹಚ್ಚಿ ಬಂದರು.

ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಬಡಿಸಲು ಶುರುಮಾಡಿದ್ದರು. ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗೆ. ಭೀಮಶಾ ಕಾಕಾ ಊರ ಕಡೆಯಿಂದ ಮೊಸರಿನ ಗಡಿಗೆ ತರಲು ಹೋಗಿದ್ದವರು ಬೈಕಿನ ಮೇಲೆ ಬಂದರು. ಇಳಿದವರೇ ಚಂದಮ್ಮನನ್ನು ಗಿಡದ ಆಚೆಗೆ ಕರೆದರು. ನನಗೆ ಕೇಳಿದ್ದು ಒಂದೇ ಮಾತು. "ಖೂಬಾ ಪ್ಲಾಟಿನಿಂದ ಫೋನ್ ಬಂದಿತ್ತು. ಉಂಡ ಮ್ಯಾಲೆ ಕಳಸ್ರಿ ಅಂದಾರ."

ಅಜ್ಜಿ ಹೋದಳು ಎಂದು ನನಗೆ ಅಲ್ಲೇ ತಿಳಿಯಿತು. ಚಂದಮ್ಮ ಬಂದು ಕೂತರು, ಅವರ ದನಿ ಆಗಲೇ ಮೆತ್ತಗಾಗಿತ್ತು. "ಉಣ್ಣವ್ವ, ಇನ್ನೊಂದು ಹೋಳಿಗಿ ಹಾಕ್ಕೊ" ಎಂದು ನಮ್ಮಿಬ್ಬರ ತಾಟಿಗೂ ತುಪ್ಪ ಸುರಿದರು. ನಮ್ಮ ಮನೆಯವರು ಈ ಮನೆಯಲ್ಲಿ ಎಂದೂ ಉಂಡವರಲ್ಲ, ನಾನು ಉಂಡದ್ದನ್ನು ಅಜ್ಜಿಗೆ ಹೇಳುವಂತಿರಲಿಲ್ಲ. ಆದರೆ ಈ ಒಂದು ವಿಷಯದಲ್ಲಿ ಎರಡೂ ಮನೆಗಳಿಗೆ ಫೋನಿನ ಎರಡು ಮಾತಿನಲ್ಲೇ ಒಮ್ಮತವಾಗಿತ್ತು. ಮೊಬೈಲು ನನ್ನ ಚೀಲದಲ್ಲೇ ಇತ್ತು. ರಸ್ತೆಯವರೆಗೆ ನಡೆದು ಮನೆಗೆ ಫೋನು ಮಾಡಬಹುದಿತ್ತು, ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಉಂಡೆ. ಪಕ್ಕದಲ್ಲಿ ರೆಹೆಮಾ ಹಸಿದಿದ್ದಳು. ಭಜ್ಜಿ ಇನ್ನಷ್ಟು ಕೇಳಿ ಹಾಕಿಸಿಕೊಂಡಳು, ಕೈ ಹೇಗೆ ನೆಕ್ಕುವುದೆಂದು ಸುಜಾತಾಳಿಗೆ ತೋರಿಸಿ ಎಲ್ಲರನ್ನೂ ನಗಿಸಿದಳು. ಚಂದಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮೇಲಿನ ಮರುಕಕ್ಕೆ ಎಂದುಕೊಂಡೆ.

ಊಟವಾದ ಮೇಲೂ ಬಿಡಲಿಲ್ಲ. ಹಣ್ಣು ತಿನ್ನಿ ಅಂದರು, ಚಹಾ ಆಗಲಿ ಅಂದರು. ಬಾಳೆಗೊನೆಯನ್ನು ಹೆಗಲ ಮೇಲಿಟ್ಟುಕೊಂಡು ರೆಹೆಮಾ ಫೋಟೋ ತೆಗೆಸಿಕೊಂಡಳು. ಹೊರಡುವಾಗ ಭೀಮಶಾ ಕಾಕಾ ಬಸ್ಸು ಬೇಡವೆಂದು ತಮ್ಮ ಅಣ್ಣನ ಜೀಪು ತರಿಸಿದ್ದರು, ತಾವೂ ಸುಜಾತಾಳೂ ಮುಂದೆ ಕೂತರು. ರೆಹೆಮಾಳ ಫೋನು ಆರಿಹೋಗಿತ್ತು. "ಕರೆಂಟ್ ಹೋತವ್ವ, ಚಾರ್ಜ್ ಆಗಿಲ್ಲ" ಅಂದರು ಚಂದಮ್ಮ. ಕರೆಂಟು ಹೋಗಿರಲಿಲ್ಲ, ಮೋಟರು ಓಡುತ್ತಲೇ ಇತ್ತು. ನನ್ನ ದುಃಖದಲ್ಲಿ ನಾನು ಅದನ್ನು ಯೋಚಿಸಲಿಲ್ಲ.

ಜೀಪಿನಲ್ಲಿ ತಡೆಯಲಾಗದೆ ಅತ್ತುಬಿಟ್ಟೆ. ರೆಹೆಮಾ ಗಾಬರಿಯಾದಳು. ಅಜ್ಜಿ ಹೋಗಿರಬೇಕು, ಇವರೆಲ್ಲ ಮುಚ್ಚಿಡುತ್ತಿದ್ದಾರೆ ಎಂದು ಅವಳ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. "ಮುಚ್ಚಿಡುವುದು ಬಹಳ ಕೆಟ್ಟದ್ದು" ಅಂದಳು. ನನ್ನ ತಲೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಬೆನ್ನು ಸವರುತ್ತಾ, ತನ್ನ ಭಾಷೆಯ ಏನೋ ಪ್ರಾರ್ಥನೆಯನ್ನು ನಮ್ಮ ಅಜ್ಜಿಗಾಗಿ ಹೇಳಿದಳು. ಮುಂದಿನ ಸೀಟಿನಲ್ಲಿ ಸುಜಾತಾ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅವಳ ಹೆಗಲು ಅಲುಗುತ್ತಿದ್ದದ್ದು ಕಾಣುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಖೂಬಾ ಪ್ಲಾಟ್ ಮುಟ್ಟಿದೆವು. ಪಡಸಾಲೆಯಲ್ಲಿ ಶಾಲು ಹೊದ್ದು ಕೂತು ಅಜ್ಜಿ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು.

ನಾನು ಓಡಿಹೋಗಿ ಅವಳ ಕಾಲು ಹಿಡಿದು ನಕ್ಕೆ. ಹುಚ್ಚಿಯ ಹಾಗೆ ನಕ್ಕೆ. ರೆಹೆಮಾಳೂ ನನ್ನ ಹಿಂದೆ ನಿಂತು ನಗುತ್ತಿದ್ದಳು, ದೇವರು ದೊಡ್ಡವನು ಅನ್ನುತ್ತಿದ್ದಳು. ಆ ಸಂತೋಷ ಎಷ್ಟು ಹೊತ್ತು ಇತ್ತೋ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಜ್ಜಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ರೆಹೆಮಾಳನ್ನು ನೋಡುತ್ತಿದ್ದಳು. "ಇಲ್ಲಿ ಬಾ ಪೋರಿ, ನನ್ನ ಬಾಜೂಕ ಕೂಡು" ಅಂದಳು. ಮಡಿ ಮಾಡುವ ಅಜ್ಜಿ ಯಾರನ್ನೂ ಹಾಗೆ ಹತ್ತಿರ ಕರೆದವಳಲ್ಲ.

ಅಪ್ಪ ಒಳಗಿನಿಂದ ಬಂದರು. ಕೋರ್ಟಿನ ಇಂಗ್ಲಿಷಿನಲ್ಲಿ, ನಿನ್ನ ತಂದೆಗೆ ಸ್ವಲ್ಪ ಹೆಚ್ಚಾಗಿದೆ ಎಂದು ಶುರುಮಾಡಿದರು. ಅದೂ ರೀತಿಯೇ, ಮೊದಲು ಹೆಚ್ಚಾಗಿದೆ, ಆಮೇಲೆ ಗಂಭೀರ, ಆಮೇಲೆ ಉಳಿದದ್ದು. ರೆಹೆಮಾ ಪೂರ್ತಿ ಕೇಳಲಿಲ್ಲ. ನನ್ನ ಚೀಲದಿಂದ ಮೊಬೈಲು ಎಳೆದು ಜುಮಾನಿಗೆ ಕರೆ ಮಾಡಿದಳು. ಅತ್ತಲಿಂದ ಬಂದದ್ದು ಅಳುವಲ್ಲ, ಬೈಗುಳ. ಭಾಷೆ ಬಾರದ ನಮಗೂ ಅದು ತಿಳಿಯಿತು.

ಆಮೇಲೆ ಎಲ್ಲ ತಿಳಿಯಿತು. ಬೆಳಿಗ್ಗೆ ಉಸಿರು ನಿಂತಿತ್ತು. ತಂಗಿಯ ಫೋನು ಹತ್ತದೆ ಜುಮಾ ನಮ್ಮಪ್ಪನಿಗೆ ಮಾಡಿದ್ದ. ಅಪ್ಪ, ಪ್ರಯಾಣದಲ್ಲಿದ್ದಾಳೆ, ನಿಧಾನವಾಗಿ ಹೇಳುತ್ತೇವೆ ಎಂದಿದ್ದರು. ಅವನು ಮತ್ತೆ ಮತ್ತೆ ಮಾಡಿದ್ದ. ಮಧ್ಯಾಹ್ನದ ನಮಾಜಿಗೆಂದು ಇಟ್ಟುಕೊಂಡಿದ್ದ ದಫನನ್ನು ತಂಗಿ ಮುಖ ನೋಡಲೆಂದು ತಡೆದಿದ್ದ. ಮೀಯಿಸಿ ಬಿಳಿ ಬಟ್ಟೆ ಸುತ್ತಿದ ಮೇಲೂ ಮುಖ ಮುಚ್ಚದೆ, ಫೋನು ಹಿಡಿದು ಕೂತಿದ್ದನಂತೆ. ಕೊನೆಗೆ ಹಿರಿಯರು ಇನ್ನು ಸಾಕು ಎಂದಾಗ ಎತ್ತಿದರು. ಆ ಹೊತ್ತಿನಲ್ಲಿ ಅವಳು ಜೀಪಿನಲ್ಲಿ ನನ್ನ ಬೆನ್ನು ಸವರುತ್ತಿದ್ದಳು.

ಅವಳು ಅಪ್ಪನನ್ನು ಕೇಳಿದ್ದು ಒಂದೇ. "ನಾನು ಉಣ್ಣುವ ಮೊದಲೇ ನಿಮಗೆ ಗೊತ್ತಿತ್ತೇ?"

ಅಪ್ಪ ಸುಳ್ಳು ಹೇಳುವವರಲ್ಲ. ಹೌದು ಅಂದರು. ಅವಳು ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ, ಉಂಡದ್ದನ್ನೆಲ್ಲ ಕಕ್ಕಿದಳು. ಬಹಳ ಹೊತ್ತು ಕಕ್ಕಿದಳು. ಸುಜಾತಾ, ಭೀಮಶಾ ಕಾಕಾ ಪಡಸಾಲೆಯಲ್ಲೇ ಉಳಿದರು. ಬಾಗಿಲಾಚೆ ಮನೆಯವರು ನಾವು ನಾಲ್ಕೂ ಜನ ನಿಂತಿದ್ದೆವು, ಯಾರೂ ತಟ್ಟಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಅವಳು ಮೇಲಿನ ಖೋಲಿಯಲ್ಲೇ ಇದ್ದಳು. ನಮ್ಮ ಮನೆಯ ಅನ್ನ ಮುಟ್ಟಲಿಲ್ಲ. ಅವ್ವ ತಾಟು ಇಟ್ಟು ಬಂದರೆ ಹಾಗೇ ಕೆಳಗೆ ತಂದಿಟ್ಟು, ಥ್ಯಾಂಕ್ಯೂ ಆಂಟಿ ಅನ್ನುತ್ತಿದ್ದಳು. ಆ ಥ್ಯಾಂಕ್ಯೂ ಕೇಳಿ ಅವ್ವ ಅಡುಗೆ ಮನೆಯಲ್ಲಿ ಅಳುತ್ತಿದ್ದಳು. ಸಂಜೆಯ ಕರೆ ಬರುತ್ತಿದ್ದ ಹೊತ್ತಿಗೆ ಖೋಲಿಯ ದೀಪ ಆರಿಸಿ ಕೂರುತ್ತಿದ್ದಳು. ಸುಜಾತಾ ಎರಡು ಸಲ ಬಂದು ಬಾಗಿಲಲ್ಲೇ ನಿಂತು ಹೋದಳು. ಊರು ಸುತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಮಾತ್ರ ದಿನಾ, "ನಾ ಏನ್ ತಪ್ಪ್ ಮಾಡೀನಿ? ಉಪವಾಸ ಕೆಡವಬೇಕಿತ್ತೇನು ಆ ಕೂಸಿನ್ನ? ಹೆಣದ ಮಾರಿ ಫೋನಿನ್ಯಾಗ ನೋಡೋದು ಎಲ್ಲೆರೆ ಅದ ಏನು?" ಎಂದು ಗೋಡೆಗೆ ಹೇಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು. ಆದದ್ದರ ಭಾರ ಬೇಗ ಇಳಿಯಲಿ ಎಂದು ಕಾಯುವುದನ್ನು ಬಿಟ್ಟರೆ ನಮ್ಮಲ್ಲಿ ಯಾರಿಗೂ ಬೇರೆ ಉಪಾಯ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದು ಅವಳು ಹೊರಟಳು. ಅಪ್ಪ ಸ್ಟೇಷನ್ನಿಗೆ ಬರುತ್ತೇನೆಂದು ಹಟ ಹಿಡಿದರು. ಹೈದರಾಬಾದಿನ ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಗಾಡಿ ಬರುವ ಘೋಷಣೆಯಾದಾಗ ಅಪ್ಪ ಎದ್ದು ನಿಂತು, ಇಂಗ್ಲಿಷು ಬಿಟ್ಟು, ಕನ್ನಡದಲ್ಲೇ ಹೇಳಿದರು. "ನನ್ನ ಮಗಳು ಅಂತ ತಿಳಕೊಂಡೇ ಹಂಗ ಮಾಡ್ದೆವ್ವ. ಆ ದಿನ ಇಕಿ ಅಜ್ಜಿ ಹೋಗಿದ್ರೂ ಇಕಿನ್ನ ಹಂಗೇ ಉಣ್ಣಿಸಿ ಕರಸ್ತಿದ್ದೆ. ದೇವರಾಣಿ." ನನ್ನ ಕಡೆ ತಿರುಗಿ, ಹೇಳು ಅಕಿಗೆ, ಎಂದರು. ಹೇಳಿದೆ.

ರೆಹೆಮಾ ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ಸಿಟ್ಟಿದ್ದರೆ ಚೆನ್ನಾಗಿತ್ತು. "ನನಗೆ ಗೊತ್ತು ಅಂಕಲ್. ಮಗಳೆಂದೇ ಮಾಡಿದಿರಿ" ಎಂದು ಇಂಗ್ಲಿಷಿನಲ್ಲಿ ಅಂದಳು. "ಆದರೆ ಆ ದಿನ ನಾನು ಅವರ ಮಗಳಾಗಿರಬೇಕಿತ್ತು."

ಅಪ್ಪನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ. ಆದರೂ ಅವರು ನನ್ನ ಮುಖ ನೋಡಿದರು, ನಾನು ಬೇರೆ ಏನಾದರೂ ಹೇಳಬಹುದೇನೋ ಎಂಬಂತೆ. ನಾನು ಅವಳು ಅಂದದ್ದನ್ನೇ ಕನ್ನಡದಲ್ಲಿ ಹೇಳಿದೆ.